ಎಪ್‌ಸ್ಟೀನ್ ಪ್ರಕರಣ: ಸಾಕ್ಷ್ಯ ಕೈಯಲ್ಲಿದ್ದೂ ಕೇಸು ಸೋರಿಹೋದದ್ದು ಎಲ್ಲಿ?

'ಎಪ್‌ಸ್ಟೀನ್ ಫೈಲ್ಸ್' ಈಗ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದಾಗಿದೆ. 2025ರ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತು ಕಾಯ್ದೆ ಮಾಡಿ, ಹದಿಹರೆಯದ ಹುಡುಗಿಯರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಹೊತ್ತಿದ್ದ ಸಿರಿವಂತ ಜೆಫ್ರಿ ಎಪ್‌ಸ್ಟೀನ್ ಪ್ರಕರಣದ ಸರ್ಕಾರಿ ಕಡತಗಳನ್ನು ಬಹಿರಂಗಪಡಿಸಲೇಬೇಕು ಎಂದಿತು. ಕೆಳಮನೆಯಲ್ಲಿ ಪರವಾಗಿ 427 ಮತ, ವಿರುದ್ಧ ಒಂದೇ ಒಂದು. ಆಮೇಲೆ ಲಕ್ಷಗಟ್ಟಲೆ ಪುಟ ಹೊರಬಿದ್ದವು. ಯಾರ ಹೆಸರಿದೆ, ಯಾರ ಫೋಟೊ ಇದೆ, ಯಾರು ಯಾರಿಗೆ ಇಮೇಲ್ ಹಾಕಿದ್ದರು ಎಂಬುದರ ಸುತ್ತಲೇ ಮಾತು ಗಿರಕಿ ಹೊಡೆಯುತ್ತಿದೆ.

ಈ ಗದ್ದಲದಲ್ಲಿ ಮೂಲ ಕತೆ ಹಿಂದಕ್ಕೆ ಸರಿದಿದೆ. ಆರೋಪಿ ಯಾರು, ಏನು ಮಾಡುತ್ತಿದ್ದಾನೆ ಎಂಬುದು 2005ರಲ್ಲೇ ಪೊಲೀಸರಿಗೆ ಗೊತ್ತಿತ್ತು. ಹುಡುಗಿಯರು ಹೇಳಿಕೆ ಕೊಟ್ಟಿದ್ದರು. 40 ವರ್ಷದವರೆಗೆ ಜೈಲು ಕೊಡಿಸಬಲ್ಲ ಕಾನೂನೂ ಇತ್ತು. ಆದರೂ ಆ ಕಾನೂನಿನಡಿ ಆತನ ಬಂಧನವಾಗಿದ್ದು 2019ರಲ್ಲಿ. ನಡುವಿನ 14 ವರ್ಷ ಕೇಸು ಎಲ್ಲೆಲ್ಲಿ ಸೋರಿತು ಎಂದು ಹಂತ ಹಂತವಾಗಿ ನೋಡೋಣ. ಸಂತ್ರಸ್ತೆಯರಲ್ಲಿ ಹಲವರು ತಾವಾಗಿಯೇ ಮುಂದೆ ಬಂದು ಮಾತಾಡಿದ್ದಾರೆ. ಆದರೂ ಇಲ್ಲಿ ಅವರ ಹೆಸರು ಬರೆದಿಲ್ಲ.

## ಯಾರೀತ?

ಜೆಫ್ರಿ ಎಪ್‌ಸ್ಟೀನ್ ಹುಟ್ಟಿದ್ದು 1953ರಲ್ಲಿ, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ಎಪ್ಪತ್ತರ ದಶಕದಲ್ಲಿ ಸಿರಿವಂತರ ಮಕ್ಕಳು ಓದುವ ಡಾಲ್ಟನ್ ಶಾಲೆಯಲ್ಲಿ ಗಣಿತ, ಭೌತಶಾಸ್ತ್ರದ ಮೇಷ್ಟ್ರಾಗಿದ್ದ. ಅಲ್ಲಿಂದ ಬೇರ್ ಸ್ಟರ್ನ್ಸ್ ಎಂಬ ಹೂಡಿಕೆ ಬ್ಯಾಂಕಿಗೆ ಹೋದ. ಆಮೇಲೆ ಶ್ರೀಮಂತರ ಹಣ ನೋಡಿಕೊಳ್ಳುವ ಸ್ವಂತ ವ್ಯವಹಾರ. ವಿಕ್ಟೋರಿಯಾಸ್ ಸೀಕ್ರೆಟ್ ಒಡೆತನದ ಲೆಸ್ಲಿ ವೆಕ್ಸ್‌ನರ್ 1991ರಲ್ಲಿ ಆತನಿಗೆ ತಮ್ಮ ಹಣಕಾಸಿನ ಮೇಲೆ ಪವರ್ ಆಫ್ ಅಟಾರ್ನಿಯನ್ನೇ ಬರೆದುಕೊಟ್ಟಿದ್ದರು. ಮ್ಯಾನ್‌ಹಟನ್‌ನಲ್ಲಿ ಬಂಗಲೆ, ಫ್ಲಾರಿಡಾದ ಪಾಮ್ ಬೀಚ್‌ನಲ್ಲಿ ಇನ್ನೊಂದು, ನ್ಯೂ ಮೆಕ್ಸಿಕೊದಲ್ಲಿ ರ‍್ಯಾಂಚ್, ಪ್ಯಾರಿಸ್‌ನಲ್ಲಿ ಮನೆ, ವರ್ಜಿನ್ ಐಲೆಂಡ್ಸ್‌ನಲ್ಲಿ ಸ್ವಂತ ದ್ವೀಪ, ಓಡಾಡಲು ಸ್ವಂತ ವಿಮಾನ.

ಇದರ ಜೊತೆಗೆ ಆತ ಇನ್ನೊಂದು ಬಗೆಯ ಆಸ್ತಿಯನ್ನೂ ಕೂಡಿಹಾಕಿದ್ದ: ಪರಿಚಯಗಳು. ರಾಜಕಾರಣಿಗಳು, ವಿಜ್ಞಾನಿಗಳು, ವಿಶ್ವವಿದ್ಯಾಲಯಗಳು, ಬ್ರಿಟನ್ನಿನ ರಾಜಮನೆತನ. ದೇಣಿಗೆ ಕೊಟ್ಟು ಗೌರವ ಕೊಳ್ಳುವುದು ಅವನ ಪದ್ಧತಿ.

## ಕಾನೂನಿನ ಪ್ರಕಾರ ಕಳ್ಳಸಾಗಣೆ ಎಂದರೆ

ಮಾನವ ಕಳ್ಳಸಾಗಣೆ ಎಂದ ಕೂಡಲೇ ಅಪಹರಣ, ಗಡಿ ದಾಟಿಸುವುದು, ಕತ್ತಲ ಕೋಣೆ ನೆನಪಾಗುತ್ತವೆ. ಅಮೆರಿಕದ ಕಾನೂನು ಅಷ್ಟನ್ನು ಕೇಳುವುದಿಲ್ಲ. 2000ದಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ, 18 ವರ್ಷದೊಳಗಿನವರನ್ನು ಹಣಕ್ಕಾಗಿ ಲೈಂಗಿಕ ಕ್ರಿಯೆಗೆ ಸೇರಿಸಿಕೊಳ್ಳುವುದು, ಪುಸಲಾಯಿಸಿ ಕರೆತರುವುದು, ಅದಕ್ಕೆ ನೆರವಾಗುವುದು ಎಲ್ಲವೂ ಕಳ್ಳಸಾಗಣೆಯೇ. ವಯಸ್ಕರ ವಿಷಯದಲ್ಲಾದರೆ ಬಲವಂತ ಅಥವಾ ಮೋಸ ನಡೆದಿದೆ ಎಂದು ತೋರಿಸಬೇಕು. ಅಪ್ರಾಪ್ತರ ವಿಷಯದಲ್ಲಿ ಅದೂ ಬೇಡ. ಹುಡುಗಿ ಒಪ್ಪಿಕೊಂಡಿದ್ದಳು, ಹಣ ತೆಗೆದುಕೊಂಡಳು ಎಂಬ ವಾದಕ್ಕೆ ಬೆಲೆಯೇ ಇಲ್ಲ.

ಎಪ್‌ಸ್ಟೀನ್ ಮಾಡಿದ್ದು ಇದಕ್ಕೆ ಅಕ್ಷರಶಃ ಹೊಂದುತ್ತಿತ್ತು. ಪಾಮ್ ಬೀಚ್ ಒಂದು ಉದ್ದನೆಯ ದ್ವೀಪ, ಅಮೆರಿಕದ ಅತಿ ಶ್ರೀಮಂತರ ಬೀಡು. ಹಿನ್ನೀರಿನ ಮೇಲಿನ ಸೇತುವೆ ದಾಟಿದರೆ ವೆಸ್ಟ್ ಪಾಮ್ ಬೀಚ್ ಮತ್ತು ಅದರಾಚೆಯ ಸಾಧಾರಣ ಬಡಾವಣೆಗಳು. ಆ ಕಡೆಯ ಹೈಸ್ಕೂಲು ಹುಡುಗಿಯರಿಗೆ, ಅದರಲ್ಲೂ ಮನೆಯಲ್ಲಿ ಕಷ್ಟ ಇದ್ದವರಿಗೆ, 'ಮಸಾಜ್ ಮಾಡಿದರೆ 200 ಡಾಲರ್' ಎಂಬ ಮಾತು ಗೆಳತಿಯರ ಮೂಲಕ ತಲುಪುತ್ತಿತ್ತು. ಒಳಗೆ ಹೋದ ಮೇಲೆ ನಡೆಯುತ್ತಿದ್ದುದು ಲೈಂಗಿಕ ದೌರ್ಜನ್ಯ. ಮತ್ತೊಬ್ಬಳನ್ನು ಕರೆತಂದರೆ ಅದಕ್ಕೂ ದುಡ್ಡು. ಹೀಗೆ ಸಂತ್ರಸ್ತೆಯೇ ಮುಂದಿನ ಸಂತ್ರಸ್ತೆಯನ್ನು ತರುವ ಸರಪಳಿ ಬೆಳೆಯಿತು. ಈ ವ್ಯವಸ್ಥೆಯ ಕ್ರೂರ ಜಾಣತನ ಇರುವುದು ಇಲ್ಲೇ: ದೂರು ಕೊಡಲು ಹೊರಟವಳಿಗೆ ತಾನೂ ಸಿಕ್ಕಿಬೀಳುತ್ತೇನೆಂಬ ಭಯ.

## ಪೊಲೀಸರಿಗೆ ಸಿಕ್ಕಿದ್ದೇನು?

2005ರ ಮಾರ್ಚ್‌ನಲ್ಲಿ 14 ವರ್ಷದ ಹುಡುಗಿಯೊಬ್ಬಳ ಮನೆಯವರು ಪಾಮ್ ಬೀಚ್ ಪೊಲೀಸರಿಗೆ ದೂರು ಕೊಟ್ಟರು. ಪತ್ತೇದಾರ ಜೋಸೆಫ್ ರೆಕಾರಿ ತನಿಖೆ ಶುರುಮಾಡಿದರು. ಒಬ್ಬಳ ಹೇಳಿಕೆಯಿಂದ ಇನ್ನೊಬ್ಬಳ ಹೆಸರು, ಅವಳಿಂದ ಮತ್ತೊಬ್ಬಳದು. ಒಬ್ಬರನ್ನೊಬ್ಬರು ನೋಡಿಯೇ ಇರದ ಹುಡುಗಿಯರು ಅದೇ ಮೆಟ್ಟಿಲು, ಅದೇ ಕೋಣೆ, ಅದೇ ಕ್ರಮವನ್ನು ವಿವರಿಸಿದರು. ಬಂಗಲೆಯ ಕಸದ ಚೀಲಗಳಲ್ಲಿ, ಯಾವ ಹುಡುಗಿ ಎಷ್ಟು ಹೊತ್ತಿಗೆ ಬರುತ್ತಾಳೆಂದು ಬರೆದಿಟ್ಟ ಫೋನ್ ಸಂದೇಶದ ಚೀಟಿಗಳು ಸಿಕ್ಕವು.

ಅಕ್ಟೋಬರ್‌ನಲ್ಲಿ ಸರ್ಚ್ ವಾರಂಟ್ ಹಿಡಿದು ಪೊಲೀಸರು ಒಳಗೆ ಹೋದಾಗ ಮೇಜಿನ ಮೇಲೆ ಮಾನಿಟರ್‌ಗಳಿದ್ದವು, ವೈರುಗಳು ನೇತಾಡುತ್ತಿದ್ದವು, ಕಂಪ್ಯೂಟರ್‌ಗಳು ಮಾತ್ರ ಇರಲಿಲ್ಲ. ಯಾರೋ ಮೊದಲೇ ಸಾಗಿಸಿಬಿಟ್ಟಿದ್ದರು. ಆದರೂ ಒಬ್ಬ ಹುಡುಗಿಯ ಶಾಲೆಯ ಅಂಕಪಟ್ಟಿ ಸಿಕ್ಕಿತು.

ಅಷ್ಟರಲ್ಲಿ ಆರೋಪಿಯ ಕಡೆಯ ಖಾಸಗಿ ಪತ್ತೇದಾರರೂ ಕೆಲಸಕ್ಕಿಳಿದಿದ್ದರು. ಹುಡುಗಿಯರ ಹಿನ್ನೆಲೆ ಕೆದಕಿದರು, ಅವರ ಮನೆಯವರ ಕಾರಿನ ಹಿಂದೆ ಬಿದ್ದರು. ಪೊಲೀಸ್ ಮುಖ್ಯಸ್ಥ ಮೈಕೆಲ್ ರೈಟರ್ ಮತ್ತು ರೆಕಾರಿ, ತಮ್ಮನ್ನೂ ಹಿಂಬಾಲಿಸಲಾಗುತ್ತಿತ್ತು ಎಂದು ಮುಂದೆ ಹೇಳಿಕೊಂಡಿದ್ದಾರೆ.

## ಮೊದಲ ಸೋರಿಕೆ: ಯಾವ ಸೆಕ್ಷನ್ ಹಾಕುವುದು?

ಮುಂದಿನದು ಅರ್ಥವಾಗಲು ಅಮೆರಿಕದ ವ್ಯವಸ್ಥೆ ಸ್ವಲ್ಪ ಗೊತ್ತಿರಬೇಕು. ಅಲ್ಲಿ ಎರಡು ಕಾನೂನು ವ್ಯವಸ್ಥೆಗಳು ಪಕ್ಕಪಕ್ಕದಲ್ಲಿ ನಡೆಯುತ್ತವೆ: ರಾಜ್ಯದ್ದು ಮತ್ತು ಕೇಂದ್ರದ್ದು, ಅಂದರೆ ಫೆಡರಲ್. ಎರಡಕ್ಕೂ ಬೇರೆ ಕಾನೂನು, ಬೇರೆ ಕೋರ್ಟು, ಬೇರೆ ಪ್ರಾಸಿಕ್ಯೂಟರ್. ನಮ್ಮಲ್ಲಿ ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ; ಅಲ್ಲಿ ಯಾವ ಆರೋಪ ಹೊರಿಸಬೇಕು, ಹೊರಿಸಬೇಕೇ ಬೇಡವೇ ಎಂಬುದನ್ನು ಬಹುಪಾಲು ಪ್ರಾಸಿಕ್ಯೂಟರ್ ತೀರ್ಮಾನಿಸುತ್ತಾರೆ. ಗಂಭೀರ ಪ್ರಕರಣಗಳು ಕೆಲವೊಮ್ಮೆ ಗ್ರ್ಯಾಂಡ್ ಜ್ಯೂರಿ ಮುಂದೆ ಹೋಗುತ್ತವೆ. ಅದು ಸಾಮಾನ್ಯ ನಾಗರಿಕರ ಗುಂಪು; ಮುಚ್ಚಿದ ಬಾಗಿಲ ಹಿಂದೆ ಕೂತು, ಆರೋಪ ಹೊರಿಸಲು ಆಧಾರ ಇದೆಯೇ ಎಂದು ನೋಡುತ್ತದೆ. ಯಾವ ಸಾಕ್ಷಿಯನ್ನು ತೋರಿಸಬೇಕು, ಏನು ಕೇಳಬೇಕು ಎಂಬುದು ಮತ್ತೆ ಪ್ರಾಸಿಕ್ಯೂಟರ್ ಕೈಯಲ್ಲೇ.

2006ರ ಮೇ ತಿಂಗಳಲ್ಲಿ ಪೊಲೀಸರು ಅಪ್ರಾಪ್ತರ ಮೇಲಿನ ಲೈಂಗಿಕ ಅಪರಾಧದ ಹಲವು ಆರೋಪಗಳಿಗೆ ಕಾಗದಪತ್ರ ಸಿದ್ಧಮಾಡಿದರು. ರಾಜ್ಯದ ಪ್ರಾಸಿಕ್ಯೂಟರ್ ಬ್ಯಾರಿ ಕ್ರಿಷರ್ ಅದನ್ನು ಗ್ರ್ಯಾಂಡ್ ಜ್ಯೂರಿಗೆ ಒಯ್ದರು. ಜುಲೈನಲ್ಲಿ ಹೊರಬಂದದ್ದು ಒಂದೇ ಆರೋಪ: ವೇಶ್ಯಾವಾಟಿಕೆಗೆ ಆಹ್ವಾನ.

ಅಪರಾಧವನ್ನು ಈ ಸೆಕ್ಷನ್‌ಗೆ ತಂದು ನಿಲ್ಲಿಸಿದ ಕೂಡಲೇ ಇಡೀ ಚಿತ್ರ ಬದಲಾಗುತ್ತದೆ. ಕಳ್ಳಸಾಗಣೆ ಎಂದರೆ ಹುಡುಗಿ ಸಂತ್ರಸ್ತೆ. ವೇಶ್ಯಾವಾಟಿಕೆ ಎಂದರೆ ಆಕೆಯೂ ಪಾಲುದಾರಳು. 2024ರಲ್ಲಿ ಫ್ಲಾರಿಡಾ ಹೊಸ ಕಾಯ್ದೆ ಮಾಡಿ ಆ ಗ್ರ್ಯಾಂಡ್ ಜ್ಯೂರಿ ಕಲಾಪವನ್ನು ಬಹಿರಂಗಪಡಿಸಿತು. ನಡೆದದ್ದೂ ಅದೇ ಆಗಿತ್ತು: ಸರ್ಕಾರದ ಪರ ವಕೀಲರೇ ಹದಿಹರೆಯದ ಸಾಕ್ಷಿಯನ್ನು ನೀನೂ ಅಪರಾಧ ಮಾಡಿದ್ದೀಯ ಎಂಬ ಧಾಟಿಯಲ್ಲಿ ಪ್ರಶ್ನಿಸಿದ್ದರು. ರೈಟರ್ ಮಾತ್ರ ಸುಮ್ಮನಾಗಲಿಲ್ಲ. ಈ ಪ್ರಕರಣದಿಂದ ಹಿಂದೆ ಸರಿಯಿರಿ ಎಂದು ಕ್ರಿಷರ್ ಅವರಿಗೆ ಮೇ ತಿಂಗಳಲ್ಲೇ ಪತ್ರ ಬರೆದಿದ್ದರು, ಕಡತವನ್ನು ಎಫ್‌ಬಿಐಗೆ ಕೊಟ್ಟರು. ಚಿಕ್ಕ ಊರಿನ ಪೊಲೀಸ್ ಮುಖ್ಯಸ್ಥರೊಬ್ಬರು ಇಡುವ ಸಾಧಾರಣ ಹೆಜ್ಜೆಯಲ್ಲ ಅದು.

## ಎರಡನೇ ಸೋರಿಕೆ: ಬೀರುವಿನಲ್ಲಿಟ್ಟ ಒಪ್ಪಂದ

ಎಫ್‌ಬಿಐ ತನಿಖೆಯಲ್ಲಿ 30ಕ್ಕೂ ಹೆಚ್ಚು ಅಪ್ರಾಪ್ತ ಸಂತ್ರಸ್ತೆಯರು ಪತ್ತೆಯಾದರು. 2007ರಲ್ಲಿ ಮಯಾಮಿಯ ಫೆಡರಲ್ ಕಚೇರಿಯ ಸಹಾಯಕ ಪ್ರಾಸಿಕ್ಯೂಟರ್ 50ಕ್ಕೂ ಹೆಚ್ಚು ಪುಟಗಳ ದೋಷಾರೋಪದ ಕರಡು ಬರೆದರು. ಅದು ಕೋರ್ಟಿಗೆ ಹೋಗಿದ್ದರೆ ಆತ ಮುಪ್ಪಿನವರೆಗೂ ಜೈಲಿನಲ್ಲಿರಬೇಕಾದ ಸಾಧ್ಯತೆ ಇತ್ತು. ಹೋಗಲಿಲ್ಲ.

ಆಗ ದಕ್ಷಿಣ ಫ್ಲಾರಿಡಾದ ಫೆಡರಲ್ ಮುಖ್ಯ ಪ್ರಾಸಿಕ್ಯೂಟರ್ ಆಗಿದ್ದವರು ಅಲೆಕ್ಸಾಂಡರ್ ಅಕೋಸ್ಟಾ. ಎದುರು ಬದಿಯಲ್ಲಿ ದೇಶದ ಅತಿ ದುಬಾರಿ ವಕೀಲರ ಪಡೆ: ಹಾರ್ವರ್ಡ್ ಪ್ರಾಧ್ಯಾಪಕ ಅಲನ್ ಡರ್ಷೊವಿಟ್ಜ್, ಅಧ್ಯಕ್ಷ ಕ್ಲಿಂಟನ್ ವಿರುದ್ಧ ತನಿಖೆ ನಡೆಸಿದ್ದ ಕೆನ್ನೆತ್ ಸ್ಟಾರ್, ರಾಯ್ ಬ್ಲ್ಯಾಕ್, ಜೇ ಲೆಫ್ಕೊವಿಟ್ಜ್. ಮಾತುಕತೆ ತಿಂಗಳುಗಟ್ಟಲೆ ನಡೆದು 2007ರ ಸೆಪ್ಟೆಂಬರ್ 24ರಂದು ಒಂದು ಪತ್ರಕ್ಕೆ ಸಹಿ ಬಿತ್ತು. ಕಾನೂನಿನ ಭಾಷೆಯಲ್ಲಿ ಅದು 'ವಿಚಾರಣೆಗೆ ಗುರಿಪಡಿಸದಿರುವ ಒಪ್ಪಂದ'.

ಒಪ್ಪಂದ ಮಾಡಿಕೊಳ್ಳುವುದೇ ತಪ್ಪೆಂದೇನಿಲ್ಲ. ಅಮೆರಿಕದಲ್ಲಿ ಶಿಕ್ಷೆಯಾಗುವ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕಿಂತ ಹೆಚ್ಚು ತಪ್ಪೊಪ್ಪಿಗೆಯಲ್ಲೇ ಮುಗಿಯುತ್ತವೆ. ಆರೋಪಿ ತಪ್ಪೊಪ್ಪಿಕೊಳ್ಳುತ್ತಾನೆ, ಶಿಕ್ಷೆ ಕಮ್ಮಿಯಾಗುತ್ತದೆ, ಸಾಕ್ಷಿಗಳಿಗೆ ವಿಚಾರಣೆಯ ಸಂಕಟ ತಪ್ಪುತ್ತದೆ. ಅದು ನಡೆಯುವುದು ಸಾಮಾನ್ಯವಾಗಿ ಆರೋಪ ಹೊರಿಸಿದ ಮೇಲೆ, ನ್ಯಾಯಾಧೀಶರ ಮುಂದೆ. ಇಲ್ಲಿ ಫೆಡರಲ್ ಆರೋಪ ಹೊರಿಸುವುದಕ್ಕೇ ಮೊದಲು, ಫೆಡರಲ್ ನ್ಯಾಯಾಧೀಶರ ಕಣ್ಣಿಗೆ ಬೀಳದಂತೆ ಎಲ್ಲ ಮುಗಿಯಿತು. ಆತ ರಾಜ್ಯದ ಕೋರ್ಟಿನಲ್ಲಿ ವೇಶ್ಯಾವಾಟಿಕೆಗೆ ಸಂಬಂಧಿಸಿದ ಎರಡು ಆರೋಪಗಳನ್ನು ಒಪ್ಪಿಕೊಳ್ಳಬೇಕು, 18 ತಿಂಗಳು ಕೌಂಟಿ (ಹೆಚ್ಚೂಕಮ್ಮಿ ನಮ್ಮ ಜಿಲ್ಲೆಯ ಹಾಗೆ) ಜೈಲಿನಲ್ಲಿರಬೇಕು, ಲೈಂಗಿಕ ಅಪರಾಧಿಗಳ ಪಟ್ಟಿಗೆ ಹೆಸರು ಸೇರಿಸಬೇಕು, ಪರಿಹಾರ ಕೇಳುವ ಸಂತ್ರಸ್ತೆಯರ ವಕೀಲರ ಖರ್ಚು ಕೊಡಬೇಕು. ಬದಲಿಗೆ ದಕ್ಷಿಣ ಫ್ಲಾರಿಡಾದಲ್ಲಿ ಫೆಡರಲ್ ಕೇಸು ಇಲ್ಲ. ಅಷ್ಟೇ ಆಗಿದ್ದರೆ ಸಡಿಲ ಒಪ್ಪಂದ ಎನ್ನಬಹುದಿತ್ತು. ಅದರಲ್ಲಿ ಇನ್ನೊಂದು ಸಾಲಿತ್ತು: ಹೆಸರಿಸಿದ ನಾಲ್ವರು ಮಹಿಳೆಯರ ಮೇಲೂ, 'ಸಂಭಾವ್ಯ ಸಹ ಸಂಚುಕೋರರು' ಯಾರೇ ಇದ್ದರೂ ಅವರ ಮೇಲೂ ಮೊಕದ್ದಮೆ ಹೂಡುವಂತಿಲ್ಲ. ಯಾರೆಂದು ಗೊತ್ತೇ ಇಲ್ಲದವರಿಗೂ ಮುಂಗಡವಾಗಿ ಕ್ಷಮಾದಾನ.

ಇದನ್ನು ಸಂತ್ರಸ್ತೆಯರಿಗೆ ಹೇಳಲಿಲ್ಲ. 2008ರ ಜನವರಿಯಲ್ಲಿ, ಅಂದರೆ ಸಹಿಯಾಗಿ ಮೂರು ತಿಂಗಳು ದಾಟಿದ ಮೇಲೆ, ಅವರಲ್ಲಿ ಕೆಲವರಿಗೆ ಎಫ್‌ಬಿಐನಿಂದ ಪತ್ರ ಹೋಯಿತು: ತನಿಖೆ ನಡೆಯುತ್ತಿದೆ, ದೀರ್ಘ ಪ್ರಕ್ರಿಯೆ, ತಾಳ್ಮೆ ಇರಲಿ ಎಂದು. ಜಮೀನು ಕಳೆದುಕೊಂಡ ತಂಗಿಯನ್ನು ಹೊರಗಿಟ್ಟು, ಊರ ನಾಲ್ಕು ಜನ ಅಣ್ಣನ ಜೊತೆ ಕೂತು ರಾಜಿಪತ್ರ ಬರೆದು ಬೀರುವಿನಲ್ಲಿಟ್ಟು, ಆಕೆಗೆ ಮಾತ್ರ 'ಇನ್ನೂ ಮಾತುಕತೆ ಆಗ್ತಿದೆ, ಸ್ವಲ್ಪ ತಡಿಯಮ್ಮ' ಎಂದ ಹಾಗೆ.

2008ರ ಜೂನ್ 30ರಂದು ಎಪ್‌ಸ್ಟೀನ್ ರಾಜ್ಯದ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಸಂತ್ರಸ್ತೆಯರು ಅಲ್ಲಿರಲಿಲ್ಲ. ಒಪ್ಪಂದದ ಪ್ರತಿ ಮುಚ್ಚಿದ ಲಕೋಟೆಯಲ್ಲಿ ಉಳಿಯಿತು. ಸಂತ್ರಸ್ತೆಯರ ಹಾಗೂ ಪತ್ರಿಕೆಗಳ ವಕೀಲರು ಹೋರಾಡಿ ಅದನ್ನು ಹೊರತೆಗೆಸಲು 2009ರವರೆಗೆ ಬೇಕಾಯಿತು.

ಅಕೋಸ್ಟಾ ಅವರ ಸಮರ್ಥನೆಯನ್ನೂ ಹೇಳಬೇಕು. ರಾಜ್ಯದ ಪ್ರಾಸಿಕ್ಯೂಟರ್ ಆತನನ್ನು ಜೈಲೇ ಇಲ್ಲದೆ ಬಿಟ್ಟುಬಿಡಲಿದ್ದರು, ಸಾಕ್ಷಿಗಳು ಹೆದರಿದ್ದರು, ವಿಚಾರಣೆಯಲ್ಲಿ ಸೋಲುವ ಬದಲು ಖಚಿತ ಜೈಲು ಮೇಲೆನಿಸಿತು ಎಂದರು. ಕ್ರಿಷರ್ ಅದನ್ನು ಒಪ್ಪಲಿಲ್ಲ. ನ್ಯಾಯ ಇಲಾಖೆಯ ಆಂತರಿಕ ತನಿಖೆ 2020ರಲ್ಲಿ, ಅಕೋಸ್ಟಾ ಅವರದ್ದು ಕಳಪೆ ವಿವೇಚನೆ, ಆದರೆ ವೃತ್ತಿ ನಿಯಮದ ಉಲ್ಲಂಘನೆಯಲ್ಲ ಎಂದಿತು. ಅದೇ ತನಿಖೆಗೆ ಅವರ ಸುಮಾರು 11 ತಿಂಗಳ ಇಮೇಲ್‌ಗಳು ಸಿಗಲೇ ಇಲ್ಲ, ತಾಂತ್ರಿಕ ದೋಷವಂತೆ.

## ಜೈಲಿನಲ್ಲಿ ದಿನ ಹೇಗಿತ್ತು?

ಲೈಂಗಿಕ ಅಪರಾಧಿಯನ್ನು ಸಾಮಾನ್ಯವಾಗಿ ರಾಜ್ಯದ ಸೆರೆಮನೆಗೆ ಕಳಿಸುತ್ತಾರೆ. ಎಪ್‌ಸ್ಟೀನ್ ಹೋಗಿದ್ದು ಕೌಂಟಿಯ ಜೈಲಿನ ಪ್ರತ್ಯೇಕ ಭಾಗಕ್ಕೆ. ಮೂರೂವರೆ ತಿಂಗಳಲ್ಲೇ 'ವರ್ಕ್ ರಿಲೀಸ್' ಸಿಕ್ಕಿತು: ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆಯವರೆಗೆ ಹೊರಗೆ ಕೆಲಸಕ್ಕೆ ಹೋಗಬಹುದು. ಕೆಲಸದ ಜಾಗ ಯಾವುದು? ಜೈಲಿಗೆ ಹೋಗುವ ಸ್ವಲ್ಪ ಮೊದಲು ತಾನೇ ಸ್ಥಾಪಿಸಿದ್ದ ಪ್ರತಿಷ್ಠಾನದ ಕಚೇರಿ. ಬೆಳಿಗ್ಗೆ ಕಾರು ಬರುತ್ತಿತ್ತು. ಕಚೇರಿಯಲ್ಲಿ ಕಾವಲಿಗೆ ಇದ್ದವರು ಷರೀಫನ, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನ ಸಿಬ್ಬಂದಿ, ಆದರೆ ಅವರ ಓವರ್‌ಟೈಮ್ ದುಡ್ಡು ಕೊಡುತ್ತಿದ್ದವನು ಕೈದಿಯೇ. ಹೀಗೆ ಷರೀಫ್ ಕಚೇರಿಗೆ ಸಂದಾಯವಾದದ್ದು ಸುಮಾರು 1 ಲಕ್ಷ 28 ಸಾವಿರ ಡಾಲರ್. ಆತನ ಕೋಣೆಗೆ ಬೀಗ ಹಾಕಬೇಡಿ, ವಕೀಲರ ಕೋಣೆಯಲ್ಲಿ ಟಿವಿ ಇಡಿ ಎಂಬ ಸೂಚನೆಯ ಕಾಗದವೂ ದಾಖಲೆಯಲ್ಲಿದೆ.

2009ರ ಜುಲೈನಲ್ಲಿ, 18ರ ಬದಲು ಸುಮಾರು 13 ತಿಂಗಳಿಗೇ ಬಿಡುಗಡೆ. 2021ರಲ್ಲಿ ಫ್ಲಾರಿಡಾದ ತನಿಖಾ ಸಂಸ್ಥೆ ಇವೆಲ್ಲವನ್ನೂ ಮತ್ತೆ ಪರಿಶೀಲಿಸಿ, ಪ್ರಾಸಿಕ್ಯೂಟರ್ ಆಗಲಿ ಜೈಲು ಸಿಬ್ಬಂದಿಯಾಗಲಿ ಲಂಚ ಪಡೆದದ್ದಕ್ಕೆ ಪುರಾವೆ ಇಲ್ಲ ಎಂದಿತು. ಅಂದರೆ ಲಂಚದ ಪುರಾವೆಯೇ ಇಲ್ಲದೆ ಇಷ್ಟೂ ನಡೆದದ್ದು. ಲಂಚ ಸಿಕ್ಕಿದ್ದರೆ ವಿವರಿಸುವುದು ಇದಕ್ಕಿಂತ ಸುಲಭವಿತ್ತು.

## ಹಣ ಕೊಂಡದ್ದು ಏನನ್ನು?

ಮೊದಲನೆಯದು ಸಮಯ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ವಕೀಲರ ತಂಡ ವಾಷಿಂಗ್ಟನ್‌ನ ನ್ಯಾಯ ಇಲಾಖೆಗೆ ಮೇಲ್ಮನವಿಗಳ ಮೇಲೆ ಮೇಲ್ಮನವಿ ಹಾಕಿ ಒಂಬತ್ತು ತಿಂಗಳು ಎಳೆಯಿತು. ಸಾಮಾನ್ಯ ಆರೋಪಿಗೆ ಆ ಬಾಗಿಲು ತಟ್ಟಬಹುದೆಂಬುದೇ ತಿಳಿದಿರುವುದಿಲ್ಲ.

ಎರಡನೆಯದು ಮೌನ. ಸಂತ್ರಸ್ತೆಯರು ಹೂಡಿದ ಸಿವಿಲ್ ದಾವೆಗಳು ಒಂದೊಂದಾಗಿ ಕೋರ್ಟಿನ ಹೊರಗೆ ಇತ್ಯರ್ಥವಾದವು. ಹಣ ಕೊಡುತ್ತೇವೆ, ಹೊರಗೆ ಹೇಳುವಂತಿಲ್ಲ ಎಂಬ ಷರತ್ತಿನ ಮೇಲೆ. 2009ರಲ್ಲಿ 5 ಲಕ್ಷ ಡಾಲರ್‌ಗೆ ಆದ ಅಂಥ ಒಂದು ರಾಜಿ ಜನರಿಗೆ ತಿಳಿದದ್ದು 2022ರಲ್ಲಿ. ನೊಂದವರಿಗೆ ಪರಿಹಾರ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ರಾಜಿಯ ಜೊತೆಗೆ ಒಂದು ಸಾಕ್ಷ್ಯವೂ ಕೋರ್ಟಿನ ಕಣ್ಣಿಂದ ಮರೆಯಾಗುತ್ತದೆ.

ಮೂರನೆಯದು ಬ್ಯಾಂಕು. ಹುಡುಗಿಯರಿಗೆ ಕೊಡುತ್ತಿದ್ದುದು ನಗದು. ಅಪರಾಧಿ ಎಂದು ದಾಖಲಾದ ಮೇಲೂ ಜೆಪಿ ಮಾರ್ಗನ್ 2013ರವರೆಗೆ ಆತನ ಖಾತೆ ಇಟ್ಟುಕೊಂಡಿತ್ತು, ಆಮೇಲೆ ಡಾಯ್ಚ ಬ್ಯಾಂಕ್ ಬರಮಾಡಿಕೊಂಡಿತು. ಪಿಂಚಣಿ ಖಾತೆಗೂ ಕೆವೈಸಿ ಎಂದು ಅಲೆದಾಡಿದವರಿಗೆ ಇದು ವಿಚಿತ್ರ ಕಾಣಬಹುದು. 2023ರಲ್ಲಿ ಸಂತ್ರಸ್ತೆಯರಿಗೆ ಜೆಪಿ ಮಾರ್ಗನ್ 29 ಕೋಟಿ ಡಾಲರ್, ಡಾಯ್ಚ ಬ್ಯಾಂಕ್ 7.5 ಕೋಟಿ ಡಾಲರ್ ಕೊಡಲು ಒಪ್ಪಿದವು. ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ.

ಇವೆಲ್ಲದರ ನಡುವೆ 2011ರ ಒಂದು ಚಿಕ್ಕ ಘಟನೆ ನನಗೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತದೆ. ನ್ಯೂಯಾರ್ಕ್‌ನಲ್ಲಿ ಲೈಂಗಿಕ ಅಪರಾಧಿಗಳನ್ನು ಅಪಾಯದ ಪ್ರಮಾಣದ ಮೇಲೆ ಮೂರು ಹಂತಗಳಲ್ಲಿ ದಾಖಲಿಸುತ್ತಾರೆ. ಎಪ್‌ಸ್ಟೀನ್‌ನನ್ನು ಅತಿ ಕೆಳಗಿನ ಹಂತಕ್ಕೆ ಇಳಿಸಿ ಎಂದು ಮ್ಯಾನ್‌ಹಟನ್ ಪ್ರಾಸಿಕ್ಯೂಟರ್ ಕಚೇರಿಯೇ ಕೇಳಿತು. ನ್ಯಾಯಾಧೀಶೆ ರೂತ್ ಪಿಕ್‌ಹೋಲ್ಜ್ ಬೆರಗಾದರು. ಪ್ರಾಸಿಕ್ಯೂಷನ್ ಹೀಗೆ ಕೇಳಿದ್ದನ್ನು ತಾವು ನೋಡಿಯೇ ಇಲ್ಲ ಎಂದು ಹೇಳಿ ಅತಿ ಮೇಲಿನ ಹಂತದಲ್ಲೇ ಉಳಿಸಿದರು. ತೆರೆದ ಕೋರ್ಟಿನಲ್ಲಿ, ಕಡತ ಓದಿದ ಒಬ್ಬ ನ್ಯಾಯಾಧೀಶೆಯ ಮುಂದೆ ಆ ಬೇಡಿಕೆ ಒಂದು ದಿನವೂ ನಿಲ್ಲಲಿಲ್ಲ.

## ಮುಚ್ಚಿದ ಕೇಸು ಮತ್ತೆ ತೆರೆದದ್ದು ಹೇಗೆ?

2017ರಲ್ಲಿ ಅಕೋಸ್ಟಾ ಟ್ರಂಪ್ ಸಂಪುಟದಲ್ಲಿ ಕಾರ್ಮಿಕ ಸಚಿವರಾದರು. ಮಾನವ ಕಳ್ಳಸಾಗಣೆಗೆ ಸಂಬಂಧಿಸಿದ ಕೆಲವು ಹೊಣೆಗಳೂ ಆ ಖಾತೆಗೆ ಸೇರಿವೆ. ಮಯಾಮಿ ಹೆರಾಲ್ಡ್ ಪತ್ರಿಕೆಯ ಜೂಲಿ ಕೆ. ಬ್ರೌನ್ ಹಳೆಯ ಕಡತಗಳನ್ನು ಕೆದಕಿ, ಸುಮಾರು 80 ಸಂತ್ರಸ್ತೆಯರನ್ನು ಗುರುತಿಸಿ, 2018ರ ನವೆಂಬರ್‌ನಲ್ಲಿ ಸರಣಿ ವರದಿ ಪ್ರಕಟಿಸಿದರು. 2019ರ ಜುಲೈ 6ರಂದು, ಪ್ಯಾರಿಸ್‌ನಿಂದ ಬಂದಿಳಿದ ಎಪ್‌ಸ್ಟೀನ್‌ನನ್ನು ನ್ಯೂಜೆರ್ಸಿಯ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ವಾರದೊಳಗೆ ಅಕೋಸ್ಟಾ ರಾಜೀನಾಮೆ ಪ್ರಕಟಿಸಿದರು.

ಹಳೆಯ ಒಪ್ಪಂದ ಇದ್ದರೂ ಇದು ಹೇಗೆ ಸಾಧ್ಯ? ಕೇಸು ಹಾಕಿದ್ದು ನ್ಯೂಯಾರ್ಕ್‌ನ ಫೆಡರಲ್ ಕಚೇರಿ. ಫ್ಲಾರಿಡಾದ ಸಹಿ ನಮ್ಮನ್ನು ಕಟ್ಟಿಹಾಕುವುದಿಲ್ಲ ಎಂಬುದು ಅವರ ನಿಲುವು. ಮಕ್ಕಳ ಕಳ್ಳಸಾಗಣೆಗೆ ಫೆಡರಲ್ ಕಾನೂನಿನಲ್ಲಿ ಕಾಲಮಿತಿಯೂ ಇಲ್ಲ. ಈ ಸಲ ಜಾಮೀನು ಸಿಗಲಿಲ್ಲ. ಮನೆಯ ತಿಜೋರಿಯಲ್ಲಿ ನಗದು, ವಜ್ರಗಳು, ಬೇರೆ ಹೆಸರಿನಲ್ಲಿ ಆತನ ಫೋಟೊ ಇದ್ದ ಅವಧಿ ಮುಗಿದ ಪಾಸ್‌ಪೋರ್ಟ್ ಸಿಕ್ಕಿದ್ದವು.

2019ರ ಆಗಸ್ಟ್ 10ರ ಬೆಳಿಗ್ಗೆ ಆತ ಜೈಲಿನ ಕೋಣೆಯಲ್ಲಿ ಶವವಾಗಿ ಸಿಕ್ಕ. ವೈದ್ಯಕೀಯ ಪರೀಕ್ಷಕರ ವರದಿ ಆತ್ಮಹತ್ಯೆ ಎಂದಿತು. ಹಿಂದಿನ ದಿನ ಜೊತೆಗಿದ್ದ ಕೈದಿಯನ್ನು ಬೇರೆಡೆ ಕಳಿಸಿದ್ದರು, ಬದಲಿಗೆ ಯಾರನ್ನೂ ಹಾಕಿರಲಿಲ್ಲ. ಕಾವಲುಗಾರರು ರಾತ್ರಿ ಸುತ್ತು ಹಾಕದೆಯೇ ಹಾಕಿದ್ದೇವೆಂದು ದಾಖಲೆ ಬರೆದಿದ್ದರು. ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ 2023ರಲ್ಲಿ ಇದನ್ನು ಗಂಭೀರ ನಿರ್ಲಕ್ಷ್ಯ ಎಂದರು. ಸಂಚಿನ ಕತೆಗಳು ಇಲ್ಲಿಂದ ಹುಟ್ಟಿಕೊಂಡವು.

ಆರೋಪಿ ಸತ್ತರೆ ಕ್ರಿಮಿನಲ್ ಕೇಸು ಅಲ್ಲಿಗೇ ಮುಗಿಯುತ್ತದೆ. ಆತನ ಸಂಗಾತಿ ಗಿಲೇನ್ ಮ್ಯಾಕ್ಸ್‌ವೆಲ್ 2020ರಲ್ಲಿ ಸಿಕ್ಕಿಬಿದ್ದಳು. ಹುಡುಗಿಯರನ್ನು ಪುಸಲಾಯಿಸಿ ಒದಗಿಸಿದ್ದಕ್ಕೆ 2022ರಲ್ಲಿ 20 ವರ್ಷ ಶಿಕ್ಷೆಯಾಯಿತು. 2007ರ ಒಪ್ಪಂದದ 'ಸಹ ಸಂಚುಕೋರರು' ಎಂಬ ಸಾಲು ನನಗೂ ರಕ್ಷಣೆ ಕೊಡುತ್ತದೆ ಎಂದು ಆಕೆ ಸುಪ್ರೀಂ ಕೋರ್ಟಿನವರೆಗೂ ಹೋದಳು. 2025ರ ಅಕ್ಟೋಬರ್‌ನಲ್ಲಿ ಕೋರ್ಟು ಮೇಲ್ಮನವಿ ಕೈಗೆತ್ತಿಕೊಳ್ಳಲು ನಿರಾಕರಿಸಿತು. ಎಪ್‌ಸ್ಟೀನ್ ಆಸ್ತಿಯಿಂದ ರಚಿಸಿದ ಪರಿಹಾರ ನಿಧಿ ಸುಮಾರು 12 ಕೋಟಿ ಡಾಲರ್ ಹಂಚಿತು.

## ಕಡತದಲ್ಲಿ ಹೆಸರಿದ್ದರೆ ಅಪರಾಧಿಯೇ?

ಅಲ್ಲ. 'ಫೈಲ್ಸ್' ಎಂದರೆ ಒಂದೇ ಪಟ್ಟಿಯಲ್ಲ. ವಿಮಾನದ ಪ್ರಯಾಣಿಕರ ದಾಖಲೆ, ಫೋನ್ ಪುಸ್ತಕ, ಇಮೇಲ್‌ಗಳು, ಎಫ್‌ಬಿಐ ಹೇಳಿಕೆಗಳು, ಯಾರೋ ಅಪರಿಚಿತರು ಕೊಟ್ಟ, ಪರಿಶೀಲನೆಯಾಗದ ಸುಳಿವುಗಳು, ಪತ್ರಿಕೆಯ ತುಣುಕುಗಳು, ಎಲ್ಲ ಸೇರಿವೆ. ಫೋನ್ ಪುಸ್ತಕದಲ್ಲಿ ನಂಬರಿದ್ದವನಿಗೂ ಸಂತ್ರಸ್ತೆಯೊಬ್ಬಳು ಪ್ರಮಾಣ ಮಾಡಿ ಹೆಸರಿಸಿದವನಿಗೂ ಅಜಗಜಾಂತರ. ಫಾರ್ವರ್ಡ್ ಬಂದಾಗ ಕೇಳಬೇಕಾದದ್ದು: ಈ ಹೆಸರು ಯಾವ ಬಗೆಯ ಕಾಗದದಲ್ಲಿ, ಯಾವ ವರ್ಷದ್ದು, ಯಾರು ಹೇಳಿದ್ದು? 2008ರ ಮೊದಲಿನ ಪರಿಚಯಕ್ಕೂ, ಅಪರಾಧಿ ಎಂದು ದಾಖಲಾದ ಮೇಲಿನ ಒಡನಾಟಕ್ಕೂ ವ್ಯತ್ಯಾಸ ಇದೆ.

2025ರ ಜುಲೈನಲ್ಲಿ ನ್ಯಾಯ ಇಲಾಖೆ ಮತ್ತು ಎಫ್‌ಬಿಐ, 'ಗಿರಾಕಿಗಳ ಪಟ್ಟಿ' ಎಂಬುದು ಸಿಕ್ಕಿಲ್ಲ ಎಂದವು. ಅದೇ ಟಿಪ್ಪಣಿಯಲ್ಲಿ, ಎಪ್‌ಸ್ಟೀನ್‌ನಿಂದ ಹಾನಿಗೊಳಗಾದವರು ಸಾವಿರಕ್ಕೂ ಹೆಚ್ಚು ಎಂದೂ ಇತ್ತು. ಪಟ್ಟಿ ಇಲ್ಲ ಎಂಬ ಸಾಲು ಜಗತ್ತೆಲ್ಲ ಸುದ್ದಿಯಾಯಿತು, ಸಾವಿರದ ಲೆಕ್ಕವನ್ನು ಅಷ್ಟಾಗಿ ಯಾರೂ ಎತ್ತಿಕೊಳ್ಳಲಿಲ್ಲ. ಒಬ್ಬ ಕಲಾವಿದೆ 1996ರಲ್ಲೇ ಎಫ್‌ಬಿಐಗೆ ದೂರು ಕೊಟ್ಟಿದ್ದೆ ಎಂದು ವರ್ಷಗಟ್ಟಲೆ ಹೇಳುತ್ತಿದ್ದಳು. ಆ ದೂರಿನ ದಾಖಲೆ ಈ ಕಡತಗಳ ಜೊತೆ ಹೊರಬಂತು.

## ಸಂತ್ರಸ್ತೆಗೆ ತಿಳಿಸಲೇಬೇಕೇ?

ಒಪ್ಪಂದವನ್ನು ಮುಚ್ಚಿಟ್ಟದ್ದು ಕಾನೂನುಬಾಹಿರವೇ ಎಂಬುದು ಇಡೀ ಪ್ರಕರಣದ ಅತಿ ಮುಖ್ಯ ಕಾನೂನು ಪ್ರಶ್ನೆ. ಅಮೆರಿಕದಲ್ಲಿ 2004ರಿಂದ ಸಂತ್ರಸ್ತರ ಹಕ್ಕುಗಳ ಕಾಯ್ದೆ ಇದೆ. ಪ್ರಾಸಿಕ್ಯೂಟರ್ ಜೊತೆ ಸಮಾಲೋಚಿಸುವ ಹಕ್ಕನ್ನು ಅದು ಕೊಡುತ್ತದೆ. ಅದರಡಿ 2008ರ ಜುಲೈನಲ್ಲೇ ಒಬ್ಬ ಸಂತ್ರಸ್ತೆ ಕೋರ್ಟಿಗೆ ಹೋದಳು. ದಾಖಲೆಯಲ್ಲಿ ಆಕೆ 'ಜೇನ್ ಡೋ 1'. ಗುರುತು ಮರೆಮಾಚಲು ಅಲ್ಲಿ ಬಳಸುವ ಹೆಸರದು. ಹನ್ನೊಂದು ವರ್ಷ ಕೇಸು ನಡೆಯಿತು. 2019ರ ಫೆಬ್ರುವರಿಯಲ್ಲಿ ನ್ಯಾಯಾಧೀಶ ಕೆನ್ನೆತ್ ಮಾರಾ, ಸರ್ಕಾರ ಕಾಯ್ದೆಯನ್ನು ಉಲ್ಲಂಘಿಸಿ ಸಂತ್ರಸ್ತೆಯರನ್ನು ದಾರಿ ತಪ್ಪಿಸಿತು ಎಂದು ತೀರ್ಪಿತ್ತರು. ಮೇಲ್ಮನವಿಯಲ್ಲಿ ಅದು ಉಳಿಯಲಿಲ್ಲ. ಫೆಡರಲ್ ಆರೋಪ ಹೊರಿಸುವುದಕ್ಕೆ ಮೊದಲು ಈ ಹಕ್ಕಿಗಾಗಿ ಸಂತ್ರಸ್ತೆ ತಾನಾಗಿ ದಾವೆ ಹೂಡುವಂತಿಲ್ಲ ಎಂದು 2021ರಲ್ಲಿ ಮೇಲ್ಮನವಿ ನ್ಯಾಯಾಲಯದ ಪೂರ್ಣ ಪೀಠ ಬಹುಮತದಿಂದ ಹೇಳಿತು. ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ.

ನಮ್ಮಲ್ಲಿ ಹೇಗೆ? ಭಾರತದಲ್ಲಿ ತಪ್ಪೊಪ್ಪಿಗೆ ಚೌಕಾಸಿಗೆ ಅವಕಾಶ ಇದೆಯಾದರೂ ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಗಳಿಗೆ, ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ಸರ್ಕಾರ ಕೇಸು ಹಿಂಪಡೆಯಬೇಕಾದರೆ ಕೋರ್ಟಿನ ಒಪ್ಪಿಗೆ ಬೇಕು. 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಸೆಕ್ಷನ್ ಪ್ರಕಾರ ಸಂತ್ರಸ್ತರ ಮಾತು ಕೇಳದೆ ಕೋರ್ಟು ಒಪ್ಪುವಂತಿಲ್ಲ. ಪೋಕ್ಸೊ ಪ್ರಕರಣವೊಂದನ್ನು ಮನೆಯವರ ರಾಜಿ ನೋಡಿ ರಾಜಸ್ಥಾನ ಹೈಕೋರ್ಟ್ ರದ್ದುಪಡಿಸಿದ್ದನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಾಗಾಗಿ ನಮ್ಮಲ್ಲಿ ಕೇಸು ಸೋರುವುದು ಬೇರೆ ಕಡೆ: ಎಫ್‌ಐಆರ್ ಹಾಕದಿರುವುದು, ಸಾಕ್ಷಿ ತಿರುಗಿಬೀಳುವುದು, ಊರ ಹಿರಿಯರ ಮನೆಯ ಜಗಲಿಯ ಮೇಲಿನ ರಾಜಿ.

ಅಮೆರಿಕದಲ್ಲಿ ಆ ಕಿಂಡಿ ತೆರೆದೇ ಇದೆ. ಆರೋಪ ಹೊರಿಸುವ ಮೊದಲೇ ಮಾಡಿಕೊಳ್ಳುವ ಒಪ್ಪಂದವನ್ನೂ ಸಂತ್ರಸ್ತರಿಗೆ ತಿಳಿಸಬೇಕು, ತಿಳಿಸದಿದ್ದರೆ ಅವರು ಕೋರ್ಟಿಗೆ ಹೋಗಬಹುದು ಎಂಬ ಮಸೂದೆ ಜೇನ್ ಡೋ 1ರ ನಿಜ ಹೆಸರಿನಲ್ಲೇ 2019ರಿಂದ ಒಂದಕ್ಕಿಂತ ಹೆಚ್ಚು ಬಾರಿ ಸಂಸತ್ತಿನಲ್ಲಿ ಮಂಡನೆಯಾಗಿದೆ. ಕಡತ ಬಿಡುಗಡೆಯ ಕಾಯ್ದೆಗೆ ಸಿಕ್ಕ ಆ 427 ಮತ ಇದಕ್ಕೆ ಸಿಕ್ಕಿಲ್ಲ.